ಅವ್ವನ ಹೊಲಿಗೆ ಯಂತ್ರ: ಚಕ್ರ ಅಲುಗುತ್ತಿಲ್ಲ, ಮರಕ್ಕೆ ಹಸಿರು ಬಣ್ಣ ಬಳಿದಿದೆ

ನೀಲಿದಾರ, ದಾವಣಗೆರೆ

ಬಲ್ಲವರ ಸಲಹೆ ಬೇಕಾಗಿದೆ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ವಿನೋಬನಗರದ ಮನೆಗೆ ಸುಣ್ಣಬಣ್ಣ ಮಾಡಿಸಲು ಸಾಮಾನು ತೆಗೆಯುವಾಗ ಹಿಂದಿನ ಕೋಣೆಯಿಂದ ಅವಳ ಹೊಲಿಗೆ ಯಂತ್ರ ಹೊರಗೆ ಬಂತು. ಕಾಲಿನಿಂದ ತುಳಿಯುವ ಹಳೆಯ ಸಿಂಗರ್. ತಲೆಯನ್ನು ಕೆಳಗೆ ಮಡಚಿ ಹಲಗೆ ಮುಚ್ಚಿದರೆ ಮೇಜಾಗುತ್ತದೆ. ಎಡಬಲಕ್ಕೆ ಎರಡೆರಡು ಡ್ರಾಯರ್, ಕೆಳಗೆ ಬೀಡುಕಬ್ಬಿಣದ ಕಾಲುಗಳು. ಅಪ್ಪ ಕೆಲಸಕ್ಕಿದ್ದ ಹತ್ತಿ ಗಿರಣಿ ನಿಂತ ಮೇಲೆ ನಮ್ಮ ಮೂವರ ಓದು ನಡೆದದ್ದು ಈ ಯಂತ್ರದಿಂದ. ಮೇ ತಿಂಗಳು ಬಂತೆಂದರೆ ಶಾಲೆಯ ಸಮವಸ್ತ್ರಗಳು: ಖಾಕಿ ಚಡ್ಡಿ, ನೀಲಿ ಲಂಗ. ರಾತ್ರಿ ನಾವು ಮಲಗಿದ ಮೇಲೂ ಗೋಡೆಯಾಚೆ ಅದರ ಸದ್ದು ಕೇಳುತ್ತಲೇ ಇರುತ್ತಿತ್ತು.

ಈಗ ಚಕ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಬೆಲ್ಟ್ ತುಂಡಾಗಿದೆ. ಒಂದು ಯುಗಾದಿಗೆ ಬಾಗಿಲಿಗೆ ಬಳಿದು ಉಳಿದ ಹಸಿರು ಎಣ್ಣೆಬಣ್ಣವನ್ನು ಅಪ್ಪ ಇದರ ಮರಕ್ಕೂ ಬಳಿದಿದ್ದರು. ಮೇಲಿನ ಹಲಗೆಯ ಒಂದು ಮೂಲೆ ಉಬ್ಬಿ ಎದ್ದಿದೆ. ಒಂದು ಡ್ರಾಯರಿನ ಹಿಡಿ ಇಲ್ಲ. ಗುಜರಿಯವನು ತೂಕಕ್ಕೆ ಕೇಳಿದ. ಊರಿನ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದರೆ, ತಲೆಗೆ ಹೊಸದಾಗಿ ಕಪ್ಪು ಬಣ್ಣ ಸ್ಪ್ರೇ ಮಾಡಿ ಮೋಟಾರ್ ಹಾಕಿ ಕೊಡುತ್ತೇವೆ, 3500 ರೂಪಾಯಿ ಎಂದರು. ನನಗೆ ಅದನ್ನು ಪಡಸಾಲೆಯಲ್ಲಿ ಹೂದಾನಿ ಇಡುವ ಮೇಜು ಮಾಡಲು ಇಷ್ಟವಿಲ್ಲ. ಅದರಲ್ಲಿ ಹೊಲಿಯಬೇಕು. ಆಗುತ್ತದೆಯೇ?

ಮಂಡಿಪೇಟೆ ದರ್ಜಿ

ಅಕ್ಕನವರೇ, ಗುಜರಿಗೂ ಕೊಡಬೇಡಿ, ಬಣ್ಣ ಹೊಡೆಯುವವರಿಗೂ ಕೊಡಬೇಡಿ. ನಾನು ನಲವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಇಂತಹ ಯಂತ್ರ ನಿಂತುಹೋದರೆ ಹತ್ತರಲ್ಲಿ ಒಂಬತ್ತು ಸಲ ಅದು ಕೆಟ್ಟಿರುವುದಿಲ್ಲ, ಅಂಟಿಕೊಂಡಿರುತ್ತದೆ. ಒಳಗೆ ಇರುವುದೆಲ್ಲ ಉಕ್ಕು ಮತ್ತು ಬೀಡು. ಪ್ಲಾಸ್ಟಿಕ್ಕಿನ ಒಂದು ಹಲ್ಲೂ ಇಲ್ಲ. ಹಳೆಯ ಎಣ್ಣೆ ಒಣಗಿ ಗೋಂದಾಗಿ ಕೀಲುಗಳನ್ನೆಲ್ಲ ಹಿಡಿದುಕೊಂಡಿರುತ್ತದೆ. ಅದನ್ನು ಕರಗಿಸಿದರೆ ಯಂತ್ರ ತಾನಾಗಿ ತಿರುಗುತ್ತದೆ.

ಮೊದಲು ಅದು ಯಾವ ಬಗೆಯದು ಎಂದು ತಿಳಿಯಬೇಕು. ಬಾಬಿನ್, ಅಂದರೆ ಕೆಳದಾರ ಸುತ್ತಿದ ಉರುಳೆ, ಎಲ್ಲಿ ಕೂರುತ್ತದೆ ನೋಡಿ. ದೋಣಿಯಂತಹ ಉದ್ದನೆಯ ಶಟಲ್ ಒಳಗೆ ತೆಳ್ಳನೆಯ ಉದ್ದ ಬಾಬಿನ್ ಇದ್ದರೆ ಅದು ಸಿಂಗರ್‌ನ 27, 28 ಅಥವಾ 127, 128 ನಂಬರಿನ ಮಾದರಿಗಳ ಜಾತಿ. ದುಂಡು ಬಾಬಿನ್ ಮೇಲಿನಿಂದಲೇ ಒಳಗೆ ಬೀಳುವಂತಿದ್ದರೆ 66 ಇರಬಹುದು, ಯಂತ್ರ ಅದೇ ಬಗೆಯದಾಗಿ ಚಿಕ್ಕ ಗಾತ್ರದ್ದಾದರೆ 99. ದುಂಡು ಬಾಬಿನ್ ಒಂದು ಡಬ್ಬಿಯೊಳಗೆ (ಬಾಬಿನ್ ಕೇಸ್) ಕೂತು, ಡಬ್ಬಿ ಎಡಬದಿಯಿಂದ ಒಳಗೆ ಹೋಗುತ್ತಿದ್ದು, ಮೇಲ್ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳು ಎಡ ಮುಖದ ತಟ್ಟೆಯ ಮೇಲಿದ್ದರೆ ಅದು 15ರ ವರ್ಗ. 15 ಆಗಿದ್ದರೆ ನಿಮ್ಮ ಅದೃಷ್ಟ. ನಮ್ಮ ಕಪ್ಪು ಉಷಾ ಯಂತ್ರಗಳು, ಲೂಧಿಯಾನದಲ್ಲಿ ತಯಾರಾಗುವ ಮನೆಬಳಕೆಯ ಕಪ್ಪು ಯಂತ್ರಗಳು ಬಹುತೇಕ ಇದೇ ಅಚ್ಚಿನವು. ಬಾಬಿನ್, ಬಾಬಿನ್ ಕೇಸ್, ಶಟಲ್, ಟೆನ್ಶನ್ ಸ್ಪ್ರಿಂಗ್, ಎಲ್ಲವೂ ಇವತ್ತಿಗೂ ಯಾವ ಊರಿನಲ್ಲಾದರೂ ಸಿಗುತ್ತವೆ.

ತಲೆಯ ತಳದ ಚಪ್ಪಟೆ ಹಾಸಿನ ಬಲತುದಿಯಲ್ಲಿ, ಅದರ ಮೇಲೆ ನಿಂತ ಕಂಬದ ಬುಡದ ಬಳಿ ಅಚ್ಚೊತ್ತಿದ ಸಂಖ್ಯೆ ಇರುತ್ತದೆ. ಒರೆಸಿ ನೋಡಿ ಬರೆಯಿರಿ. ಅವ್ವ ಯಾವ ಎಣ್ಣೆ ಬಿಡುತ್ತಿದ್ದರು ಎಂಬುದನ್ನೂ ಹೇಳಿ.

ಚಳ್ಳಕೆರೆಯಿಂದ

ಎಣ್ಣೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮೂರಿನಲ್ಲಿ ಎಣ್ಣೆ ಗಿರಣಿಗಳಿಗೆ ಕೊರತೆಯಿಲ್ಲ, ಮನೆಯಲ್ಲಿ ಶೇಂಗಾ ಎಣ್ಣೆಗೆ ಬರವಿಲ್ಲ. ನಮ್ಮ ಅಜ್ಜಿ ಹೊಲಿಗೆ ಯಂತ್ರಕ್ಕೂ ಅದನ್ನೇ ಬಿಡುತ್ತಿದ್ದರು. ಬಿಟ್ಟ ದಿನ ಯಂತ್ರ ಹಾರಿಕೊಂಡು ಓಡುತ್ತಿತ್ತು. ನಾಲ್ಕು ವರ್ಷ ಮುಟ್ಟದೆ ಬಿಟ್ಟೆವು. ತೆಗೆದು ನೋಡಿದಾಗ ಕೀಲುಗಳಲ್ಲಿ ಜೇನುಬಣ್ಣದ ಗಾಜಿನಂತಹ ಪದರ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಎದ್ದಿತು.

ನೀಲಿದಾರ, ದಾವಣಗೆರೆ

ಸಂಖ್ಯೆ ಸಿಕ್ಕಿತು. ಮೊದಲ ಎರಡು ಅಕ್ಷರ ಇಎಫ್, ಮುಂದೆ ಆರು ಅಂಕಿಗಳು. ಬಾಬಿನ್ ಡಬ್ಬಿ ಎಡದಿಂದಲೇ ಹೋಗುತ್ತದೆ, ಟೆನ್ಶನ್ ಬಿಲ್ಲೆಗಳೂ ಎಡ ಮುಖದಲ್ಲಿವೆ. ಎಣ್ಣೆಯ ವಿಷಯ: ಅವ್ವ ಮೊದಲೆಲ್ಲ ಅಂಗಡಿಯಿಂದ ಹೊಲಿಗೆ ಯಂತ್ರದ ಎಣ್ಣೆಯನ್ನೇ ತರಿಸುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಪೇಟೆಗೆ ಹೋಗುವುದು ಕಡಿಮೆಯಾದ ಮೇಲೆ ಅಡುಗೆಮನೆಯ ಶೇಂಗಾ ಎಣ್ಣೆ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ. ನಾನೇ ಎಷ್ಟೋ ಸಲ ಬಟ್ಟಲಲ್ಲಿ ತಂದುಕೊಟ್ಟಿದ್ದೇನೆ.

ಮಂಡಿಪೇಟೆ ದರ್ಜಿ

ಹಾಗಾದರೆ ರೋಗ ಗೊತ್ತಾಯಿತು. ಶೇಂಗಾ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ವಾರ್ನಿಶ್ ಆಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ರಾತ್ರಿಯಲ್ಲಿ ನಮ್ಮ ಬಾಟಲಿಗಳಲ್ಲಿ ಅದು ಕಲ್ಲಾಗುವುದನ್ನು ನೋಡಿಲ್ಲವೇ? ಯಂತ್ರದೊಳಗೂ ಅದೇ ಆಗುತ್ತದೆ, ಜೊತೆಗೆ ದೂಳನ್ನು ಹಿಡಿದುಕೊಳ್ಳುತ್ತದೆ. ತಿನ್ನುವ ಎಣ್ಣೆ ಯಾವುದೂ ಬೇಡ, ಗಾಡಿಯ ಎಂಜಿನ್ ಎಣ್ಣೆಯೂ ಬೇಡ. ನೀರಿನಂತೆ ತಿಳಿಯಾದ ಹೊಲಿಗೆ ಯಂತ್ರದ ಎಣ್ಣೆ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ, ಅದೊಂದೇ ಸಾಕು.

ಇಎಫ್ ಎಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯ ಸಂಖ್ಯೆ, 1940ರ ದಶಕದ ಕೊನೆಯದು. 1900ಕ್ಕಿಂತ ಹಿಂದಿನ ಸಿಂಗರ್ ಯಂತ್ರಗಳಲ್ಲಿ ಬರೀ ಅಂಕಿ ಇರುತ್ತಿತ್ತು, ಅಕ್ಷರಗಳು ಬಂದದ್ದು ಆಮೇಲೆ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ನಿಮ್ಮ ಯಂತ್ರಕ್ಕೆ ಈಗ ಎಪ್ಪತ್ತೈದು ದಾಟಿದೆ, ಇನ್ನೂ ಅಷ್ಟೇ ವರ್ಷ ಹೊಲಿಯಬಲ್ಲದು.

ಈಗ ಮಾಡಬೇಕಾದ್ದು. ಮನೆಯ ಹೊರಗೆ, ಒಲೆ ದೀಪಗಳಿಂದ ದೂರ, ಗಾಳಿಯಾಡುವ ಕಡೆ ಹಳೆಯ ಗೋಣಿ ಹಾಸಿ ಕೂತುಕೊಳ್ಳಿ. ತಲೆಯನ್ನು ಹಿಂದಕ್ಕೆ ಮಡಚಿದರೆ ಅದನ್ನು ಹಿಡಿದಿರುವ ಎರಡು ಕೀಲುಗಳ ಸ್ಕ್ರೂ ಕಾಣುತ್ತವೆ. ಸಡಿಲಿಸಿ ತಲೆಯನ್ನು ಎತ್ತಿ. ಹತ್ತು ಕೆ.ಜಿ. ಮೀರಿದ ಭಾರ, ಒಬ್ಬರೇ ಎತ್ತಬೇಡಿ. ಸೂಜಿ, ಬಟ್ಟೆಯನ್ನು ಒತ್ತಿಹಿಡಿಯುವ ಪಾದ, ಬಾಬಿನ್ ಕೇಸ್ ತೆಗೆದಿಡಿ. ಎಡ ಮುಖದ ತಟ್ಟೆ, ಕಂಬದ ಹಿಂದಿನ ದುಂಡು ಮುಚ್ಚಳ ತೆಗೆಯಿರಿ. ಒಂದೊಂದು ಸ್ಕ್ರೂ ತೆಗೆಯುವ ಮುನ್ನವೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಜಾಗಕ್ಕೆಲ್ಲ ಸೀಮೆಎಣ್ಣೆ ಮತ್ತು ಯಂತ್ರದ ಎಣ್ಣೆಯನ್ನು ಸಮ ಬೆರೆಸಿ ಹನಿಹನಿಯಾಗಿ ಬಿಡಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ. ಸಿಗದಿದ್ದರೆ ಬರೀ ಯಂತ್ರದ ಎಣ್ಣೆ ಬಿಡಿ, ದಿನ ಹೆಚ್ಚು ಹಿಡಿಯುತ್ತದೆ ಅಷ್ಟೇ. ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮತ್ತೆ ಹನಿಸಿ. ಬರೀ ಎಣ್ಣೆ ಬಿಟ್ಟ ಯಂತ್ರಕ್ಕೆ ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿದರೆ ಗೋಂದು ಬೇಗ ಮೆತ್ತಗಾಗುತ್ತದೆ. ಸೀಮೆಎಣ್ಣೆ ಮುಟ್ಟಿಸಿದ ಯಂತ್ರದ ಹತ್ತಿರ ಮಾತ್ರ ಅದನ್ನು ತರಲೇಬೇಡಿ.

ಚಕ್ರವನ್ನು ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಬಲ ಹಾಕಬೇಡಿ, ಸುತ್ತಿಗೆಯಂತೂ ಮುಟ್ಟಲೇಬೇಡಿ. ಮೂರು ದಿನವಾದರೂ ಅಲುಗದಿದ್ದರೆ ಶಟಲ್ ಕೂರುವ ಉಂಗುರದೊಳಗೆ ದಾರ ಸಿಕ್ಕಿಕೊಂಡಿದೆಯೇ ನೋಡಿ. ಒಂದು ಅಂಗುಲ ದಾರ ಸಾಕು, ಇಡೀ ಯಂತ್ರವನ್ನು ಕಟ್ಟಿಹಾಕಲು.

ಹೊಸ ಸದಸ್ಯ, ಹರಪನಹಳ್ಳಿ

ತಲೆ ಹೊಳೆಯಬೇಕಾದರೆ ಸ್ಪಿರಿಟ್ ಅಥವಾ ಥಿನ್ನರ್ ಹಾಕಿ ಒರೆಸಿ, ನಿಮಿಷದಲ್ಲಿ ಜಿಡ್ಡು ಹೋಗುತ್ತದೆ. ನಾನು ಕಿಟಕಿಯ ಕಂಬಿಗಳಿಗೆ ಹಾಗೇ ಮಾಡುತ್ತೇನೆ.

ತೇಗದ ಹಲಗೆ, ಚಿತ್ರದುರ್ಗ

ದಯವಿಟ್ಟು ಹಾಗೆ ಮಾಡಬೇಡಿ! ಆ ಕಪ್ಪು ಬಣ್ಣ ಕುಲುಮೆಯಲ್ಲಿ ಬೇಯಿಸಿದ್ದು, ಗಟ್ಟಿ. ಆದರೆ ಅದರ ಮೇಲಿನ ಚಿನ್ನದ ಬಳ್ಳಿ, ಅಕ್ಷರಗಳು ಅಂಟಿಸಿದ ಚಿತ್ರಗಳು. ಅವುಗಳನ್ನು ಕಾಯುತ್ತಿರುವುದು ತೆಳ್ಳನೆಯ ಅರಗಿನ ಪದರ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಂದು ಸಲ ಒರೆಸಿದರೆ ಪದರ ಮಬ್ಬಾಗುತ್ತದೆ, ಎರಡನೆಯ ಸಲಕ್ಕೆ ಬಂಗಾರವೇ ಬಟ್ಟೆಗೆ ಬರುತ್ತದೆ. ಹೊಳಲ್ಕೆರೆಯ ಒಂದು ಮನೆಯಲ್ಲಿ ಹೀಗೆ ಬೋಳಾದ ಯಂತ್ರವನ್ನು ನೋಡಿ ಬಂದ ಸಂಕಟ ನನಗಿನ್ನೂ ಹೋಗಿಲ್ಲ. ಸಾಬೂನು ನೀರು, ಗಾಜು ಒರೆಸುವ ದ್ರವ ಇವೂ ಬೇಡ. ಅರಗು ಸವೆದ ಕಡೆ ನೀರು ಒಳಗಿಳಿದು ಚಿನ್ನ ಬೆಳ್ಳಗಾಗುತ್ತದೆ.

ಹೊಲಿಗೆ ಯಂತ್ರದ ಎಣ್ಣೆಯಲ್ಲೇ ಹಳೆಯ ಬನಿಯನ್ ಬಟ್ಟೆ ಅದ್ದಿ ಒರೆಸಿ. ಹತ್ತು ನಿಮಿಷ ಎಣ್ಣೆ ಕೂರಲಿ, ಒಣಬಟ್ಟೆಯಿಂದ ತೆಗೆಯಿರಿ, ಮತ್ತೆ ಹಚ್ಚಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ ಕೊಳೆ ಬರುತ್ತಿದೆ ಎಂದರ್ಥ. ಹಳದಿ ಹೊಳಪು ಕಂಡರೆ ಅಲ್ಲಿಗೇ ನಿಲ್ಲಿಸಿ. ಬಣ್ಣ ಅಲ್ಲಲ್ಲಿ ಸವೆದಿದ್ದರೆ ಹಾಗೇ ಇರಲಿ ಅಕ್ಕ. ಹಾಸಿನ ಮುಂಭಾಗದಲ್ಲಿ ಕಪ್ಪು ಹೋಗಿ ಕಬ್ಬಿಣ ಕಾಣುತ್ತಿದ್ದರೆ ಅದು ನಿಮ್ಮ ಅವ್ವನ ಕೈ ಬಟ್ಟೆಯನ್ನು ಸರಿಸಿ ಸರಿಸಿ ಆದ ಸವೆತ. ಅದರ ಮೇಲೆ ಸ್ಪ್ರೇ ಹೊಡೆಯಲು ಯಾರಿಗೂ ಬಿಡಬೇಡಿ.

ಹೊಸ ಸದಸ್ಯ, ಹರಪನಹಳ್ಳಿ

ತಿಳಿದಿರಲಿಲ್ಲ. ಒಳ್ಳೆಯದಾಯಿತು, ನಮ್ಮ ಮನೆಯಲ್ಲೂ ಒಂದು ಇದೆ.

ನೀಲಿದಾರ, ದಾವಣಗೆರೆ

ಆರನೆಯ ದಿನ. ತಿರುಗಿತು!

ದರ್ಜಿ ಅಣ್ಣನವರು ಹೇಳಿದಂತೆ ಬೆಳಿಗ್ಗೆ ಸಂಜೆ ಎಣ್ಣೆ ಬಿಟ್ಟೆ. ಮೂರನೆಯ ದಿನ ಚಕ್ರ ಗೋಧಿಕಾಳಿನಷ್ಟು ಅಲುಗಿ ನಿಂತಿತು. ಆಮೇಲೆ ಶಟಲ್ ಹಿಡಿದಿದ್ದ ಉಂಗುರ ಬಿಚ್ಚಿದೆ. ಒಳಗೆ ಅರ್ಧಚಂದ್ರದಂತಹ ಶಟಲ್, ಅದರ ಸುತ್ತ ಕಂಬಳಿಯಂತೆ ಒತ್ತಿಕೊಂಡ ಬಟ್ಟೆಯ ಜುಂಗು. ಚಿಮುಟದಿಂದ ಎಳೆದಾಗ ಒಂದೇ ತುಂಡಾಗಿ ಬಂತು. ಬೆಳಕಿಗೆ ಹಿಡಿದು ನೋಡಿದೆ. ಪದರ ಪದರವಾಗಿತ್ತು. ಕೆಳಗೆ ಖಾಕಿ, ಅದರ ಮೇಲೆ ನೀಲಿ, ಮತ್ತೆ ಖಾಕಿ, ಮತ್ತೆ ನೀಲಿ, ಎಲ್ಲಕ್ಕಿಂತ ಮೇಲೆ ಬಿಳಿ. ಒಂದೊಂದು ಮೇ ತಿಂಗಳು ಒಂದೊಂದು ಪದರವಾಗಿ ಕೂತಿತ್ತು. ಬಿಳಿ ಯಾವುದೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಕೊನೆಗೆ ನೆನಪಾಯಿತು, ನನ್ನ ಮಗಳು ಹುಟ್ಟುವ ಮುಂಚೆ ಅವ್ವ ಹಳೆಯ ಪಂಚೆ ಹರಿದು ಹೊಲಿದ ಕೂಸಿನ ಬಟ್ಟೆಗಳು. ಅದನ್ನು ಎಸೆಯಲಾಗಲಿಲ್ಲ, ಕಾಗದದಲ್ಲಿ ಮಡಚಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಉಂಗುರದ ಹಿಂದೆ ಎರಡು ಅಂಗುಲ ದಾರ ಸುತ್ತಿಕೊಂಡಿತ್ತು. ಅದನ್ನು ತೆಗೆದ ಮೇಲೆ ಚಕ್ರ ಪೂರ್ತಿ ಒಂದು ಸುತ್ತು ಹಾಕಿತು. ಮಕ್ಕಳನ್ನು ಕೂಗಿ ಕರೆದು ತೋರಿಸಿದೆ.

ಆದರೆ ಒಂದು ಹೊಸ ತೊಂದರೆ. ಬಾಬಿನ್‌ಗೆ ದಾರ ಸುತ್ತುವಾಗ ಸಡಿಲಿಸುವ, ಚಕ್ರದ ನಡುವಿನ ದೊಡ್ಡ ಸ್ಕ್ರೂವನ್ನು ಬಿಚ್ಚಿ ಒಳಗೆ ಒರೆಸಿ ಮತ್ತೆ ಹಾಕಿದೆ. ಈಗ ಎಷ್ಟು ಬಿಗಿದರೂ ಚಕ್ರ ಮಾತ್ರ ತಿರುಗುತ್ತದೆ, ಸೂಜಿ ಇಳಿಯುವುದಿಲ್ಲ. ಏನೋ ಮುರಿದೆನೇ ಎಂದು ಕೈಕಾಲು ಬಿಟ್ಟುಹೋಗಿದೆ.

ಮಂಡಿಪೇಟೆ ದರ್ಜಿ

ಏನೂ ಮುರಿದಿಲ್ಲ ತಾಯಿ. ಆ ಸ್ಕ್ರೂವಿನ ಹಿಂದೆ ಒಂದು ವಾಷರ್ ಇದೆ, ಒಳಗಡೆ ಎರಡು ಕಿವಿ, ಹೊರಗಡೆ ಮೂರು. ಒಳಗಿನ ಕಿವಿಗಳು ಶಾಫ್ಟಿನ ಸೀಳಿನಲ್ಲಿ ಕೂರುತ್ತವೆ. ಎರಡು ರೀತಿ ಕೂರಿಸಬಹುದು, ಒಂದು ಮಾತ್ರ ಸರಿ. ತಪ್ಪಾಗಿ ಕೂತರೆ ಸ್ಕ್ರೂವಿನ ತಲೆಯಲ್ಲಿರುವ ಸಣ್ಣ ತಡೆ ಸ್ಕ್ರೂ ಹೊರಗಿನ ಕಿವಿಗೆ ಬಡಿದು ಬಿಗಿಯಲು ಬಿಡುವುದಿಲ್ಲ. ಸಣ್ಣ ಸ್ಕ್ರೂ ತೆಗೆದು, ದೊಡ್ಡದನ್ನು ಬಿಚ್ಚಿ, ವಾಷರನ್ನು ಅರ್ಧ ಸುತ್ತು ತಿರುಗಿಸಿ ಹಾಕಿ.

ನೀಲಿದಾರ, ದಾವಣಗೆರೆ

ಅರ್ಧ ಸುತ್ತು ತಿರುಗಿಸಿದೆ, ಹಿಡಿಯಿತು. ನಿಮಗೆ ಪುಣ್ಯ ಬರಲಿ ಅಣ್ಣ.

ಹರಿಹರದ ಲೇತ್

ಸ್ಕ್ರೂಗಳ ಬಗ್ಗೆ ಒಂದು ಎಚ್ಚರಿಕೆ. ನಾನು ಹರಿಹರದ ಕಾರ್ಖಾನೆಯಲ್ಲಿ ಲೇತ್, ಅಂದರೆ ತುಂಡನ್ನು ತಿರುಗಿಸುತ್ತ ಕೊಯ್ಯುವ ಯಂತ್ರಗಳನ್ನು ಜೋಡಿಸುತ್ತಿದ್ದವನು, ಈಗ ಮನೆಯಲ್ಲೇ ಸಣ್ಣ ಲೇತ್ ಇಟ್ಟುಕೊಂಡಿದ್ದೇನೆ. ಸಿಂಗರ್ ಕಂಪನಿಯವರು ಸ್ಕ್ರೂಗಳಿಗೆ ತಮ್ಮದೇ ಅಳತೆಯ ಥ್ರೆಡ್ (ಸುರುಳಿ ಗೆರೆ) ಕೊಯ್ದಿದ್ದಾರೆ. ಹಾರ್ಡ್‌ವೇರ್ ಅಂಗಡಿಯ ಮಿಲಿಮೀಟರ್ ಸ್ಕ್ರೂ ಎರಡು ಸುತ್ತು ಹೋದಂತೆ ಅನಿಸುತ್ತದೆ, ಮೂರನೆಯ ಸುತ್ತಿಗೆ ಬೀಡಿನ ಥ್ರೆಡ್ಡನ್ನೇ ತಿಂದುಹಾಕುತ್ತದೆ. ಆಮೇಲೆ ಮೂಲ ಸ್ಕ್ರೂ ಸಿಕ್ಕಿದರೂ ಕೂರುವುದಿಲ್ಲ. ಆದ್ದರಿಂದ ಒಂದು ಸ್ಕ್ರೂ ಕಳೆದರೂ ಹುಡುಕಿ, ಅಂಗಳ ಗುಡಿಸಿ ಹುಡುಕಿ. ಸಿಗದಿದ್ದರೆ ಗುಜರಿಗೆ ಹೋದ ಇನ್ನೊಂದು ಯಂತ್ರದಿಂದ ತೆಗೆದುಕೊಳ್ಳಿ.

ತಿರುಪುಳಿಯ ವಿಷಯವೂ ಹಾಗೆಯೇ. ಸ್ಕ್ರೂವಿನ ಸೀಳಿಗೆ ಅಗಲದಲ್ಲೂ ದಪ್ಪದಲ್ಲೂ ಸರಿಹೊಂದುವ ಬಾಯಿ ಇರಬೇಕು. ಚಿಕ್ಕ ಬಾಯಿಯದನ್ನು ಹಾಕಿ ತಿರುಗಿಸಿದರೆ ಸೀಳಿನ ಅಂಚು ಹರಿಯುತ್ತದೆ. ನಾನು ಒಂದು ಅಗ್ಗದ ತಿರುಪುಳಿಯ ಬಾಯಿಯನ್ನು ಕಲ್ಲಿಗೆ ಉಜ್ಜಿ ಈ ಯಂತ್ರಗಳಿಗೆಂದೇ ಅಳತೆ ಮಾಡಿಟ್ಟುಕೊಂಡಿದ್ದೇನೆ. ಬರದ ಸ್ಕ್ರೂಗೆ ಹಿಂದಿನ ರಾತ್ರಿ ಎಣ್ಣೆ ಬಿಟ್ಟು, ಬೆಳಿಗ್ಗೆ ಮೊದಲು ಬಿಗಿಯುವ ಕಡೆಗೆ ಸ್ವಲ್ಪ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ.

ಜಗಳೂರಿನಿಂದ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಹಳೆಯ ಸಿಂಗರ್ ಸೂಜಿಯಲ್ಲಿ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಬೆಲೆ ಎಂದು ಒಬ್ಬರು ಮೊಬೈಲಿನಲ್ಲಿ ಕಳಿಸಿದ್ದರು. ನಿಜವೇ?

ಹರಿಹರದ ಲೇತ್

ಸುಳ್ಳು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಸುದ್ದಿ ಹಬ್ಬಿ ಜನ ಹಳೆಯ ಸಿಂಗರ್ ಯಂತ್ರಗಳಿಗೆ ಮುಗಿಬಿದ್ದಿದ್ದರು. ಸೂಜಿಯ ಹತ್ತಿರ ಮೊಬೈಲ್ ಹಿಡಿದು ಪರೀಕ್ಷೆ ಮಾಡುವುದು ಆಗಿನ ಆಟ. ಸೂಜಿಯಲ್ಲಿ ಇರುವುದು ಉಕ್ಕು. ಅಂತಹವರು ಮನೆಗೆ ಬಂದರೆ ಯಂತ್ರವನ್ನು ಮುಟ್ಟಲು ಬಿಡಬೇಡಿ, ಪರೀಕ್ಷೆಯ ಹೆಸರಿನಲ್ಲಿ ಕೆಡಿಸಿಹೋಗುತ್ತಾರೆ.

ನೀಲಿದಾರ, ದಾವಣಗೆರೆ

ಈಗ ಮರದ ಕೆಲಸ. ತೇಗದ ಹಲಗೆಯವರೇ, ಹಸಿರು ಬಣ್ಣವನ್ನು ಪಾಲಿಶ್ ಕಾಗದದಿಂದ ಉಜ್ಜಲೇ?

ತೇಗದ ಹಲಗೆ, ಚಿತ್ರದುರ್ಗ

ಒಣ ಉಜ್ಜುವಿಕೆ ಬೇಡವೇ ಬೇಡ ಅಕ್ಕ. ಎರಡು ಕಾರಣ.

ಒಂದು, ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಪ್ಪ ಬಳಿದದ್ದು ಅದಕ್ಕೂ ಬಹಳ ಹಿಂದೆ ಇರಬೇಕು. ಆ ದೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಬಣ್ಣ ಕೀಳುವ ದ್ರವ ಹಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಮೊಂಡು ತಗಡಿನಿಂದ ಮರದ ಎಳೆಯ ಉದ್ದಕ್ಕೂ ತಳ್ಳಿ. ಕೈಗೆ ರಬ್ಬರ್ ಗವಸು, ಮೂಗಿಗೆ ಮುಸುಕು, ಕೆಲಸ ಅಂಗಳದಲ್ಲಿ. ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ತೆಗೆಯಿರಿ, ಒಲೆಗೆ ಹಾಕಬೇಡಿ.

ಎರಡನೆಯದು, ಉಬ್ಬಿದ ಮೂಲೆ ಎಂದಿರಲ್ಲ, ಅದರಿಂದಲೇ ತಿಳಿಯುತ್ತದೆ ನಿಮ್ಮ ಮೇಲ್ಹಲಗೆ ಒಂದೇ ಮರವಲ್ಲ ಎಂದು. ಒಳಗೆ ಸಾಧಾರಣ ಮರ, ಮೇಲೆ ಒಳ್ಳೆಯ ಮರದ ತೆಳು ಹಾಳೆ ಅಂಟಿಸಿರುತ್ತಾರೆ, ವಿನೀರ್ ಎನ್ನುತ್ತಾರೆ. ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಒರಟು ಕಾಗದದಿಂದ ನಾಲ್ಕು ಸಲ ಜೋರಾಗಿ ಉಜ್ಜಿದರೆ ಹಾಳೆ ಸವೆದು ಒಳಮರ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಬಣ್ಣ ಪೂರ್ತಿ ಹೋದ ಮೇಲೆ 240ರ ಕಾಗದ, ಆಮೇಲೆ 320, ಕೈಯಲ್ಲೇ, ಎಳೆಯ ದಿಕ್ಕಿನಲ್ಲೇ. ಉಜ್ಜುವ ಮೋಟಾರ್ ಯಂತ್ರ ತರಿಸಬೇಡಿ.

ಉಬ್ಬಿದ ಮೂಲೆ ಸುಲಭ. ಹಳೆಯ ಬಡಗಿಗಳು ಬಳಸುತ್ತಿದ್ದದ್ದು ಮರವಜ್ರ, ಅಂದರೆ ಪ್ರಾಣಿಗಳ ಚರ್ಮ ಮೂಳೆ ಕುದಿಸಿ ಮಾಡಿದ ಅಂಟು. ಬಿಸಿಗೆ ಅದು ಮತ್ತೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಹಿಂಡಿ ಹಾಸಿ, ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಹತ್ತು ಹತ್ತು ಸೆಕೆಂಡು ಇಡಿ. ಹಾಳೆ ಬಾಗಲು ಶುರುವಾದಾಗ ಬಟ್ಟೆ ತೆಗೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಸಮತಟ್ಟಾದ ಮಣೆ ಇಟ್ಟು, ಅದರ ಮೇಲೆ ರುಬ್ಬುಗುಂಡನ್ನು ಒಂದು ದಿನ ಕೂರಿಸಿ. ಹಳೆಯ ಅಂಟು ಸತ್ತಿದ್ದರೆ ಸಿರಿಂಜಿನಿಂದ ಹೊಸ ಅಂಟನ್ನು ಒಳಗೆ ಬಿಟ್ಟು ಹಾಗೆಯೇ ಒತ್ತಿಡಿ.

ಹುಳುವಿನ ಸಣ್ಣ ತೂತುಗಳಿವೆಯೇ, ಕೆಳಗೆ ಹಿಟ್ಟಿನಂತೆ ಪುಡಿ ಬೀಳುತ್ತಿದೆಯೇ ನೋಡಿ. ಅದು ಕುಟ್ಟೆ ಹುಳು. ನಮ್ಮ ಕಡೆ ತೊಲೆಗಳಿಗೆ ಗೇರೆಣ್ಣೆ ಬಳಿಯುವ ರೂಢಿ ಇದೆ, ಹುಳು ಗೆದ್ದಲು ಎರಡೂ ಹತ್ತಿರ ಸುಳಿಯುವುದಿಲ್ಲ. ಆದರೆ ಅದು ಮರವನ್ನು ಕಪ್ಪಾಗಿಸುತ್ತದೆ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕಾಣದ ಅಡಿಭಾಗಕ್ಕೆ ಮಾತ್ರ, ಗವಸು ಹಾಕಿಕೊಂಡು.

ನೀಲಿದಾರ, ದಾವಣಗೆರೆ

ನಾಲ್ಕು ಭಾನುವಾರ ಹಿಡಿಯಿತು. ಹಸಿರಿನ ಕೆಳಗೆ ಎಂತಹ ಮರ! ಡ್ರಾಯರಿನ ಮುಖಗಳು ಗಟ್ಟಿ ತೇಗ. ಹುಳು ಇಲ್ಲ. ಮೂಲೆ ಕೂತಿದೆ, ಬೆರಳಾಡಿಸಿದರೆ ತಿಳಿಯುವುದಿಲ್ಲ. ಡ್ರಾಯರ್‌ಗಳು ಮಾತ್ರ ಅಳುತ್ತ ಹೊರಗೆ ಬರುತ್ತವೆ. ಮೇಲೆ ಏನು ಹಚ್ಚಲಿ? ಅಂಗಡಿಯವರು ಪ್ಲಾಸ್ಟಿಕ್ಕಿನಂತೆ ಹೊಳೆಯುವ ಪಾಲಿಶ್ ತೋರಿಸಿದರು.

ತೇಗದ ಹಲಗೆ, ಚಿತ್ರದುರ್ಗ

ಅದು ಬೇಡ. ಮುಂದೆ ಗೀಚಾದರೆ ಅಷ್ಟು ಜಾಗ ಮಾತ್ರ ಸರಿಮಾಡಲು ಬರುವುದಿಲ್ಲ, ಎಲ್ಲವನ್ನೂ ಕೀಳಬೇಕು. ಅರಗಿನ ಫ್ರೆಂಚ್ ಪಾಲಿಶ್ ಹಚ್ಚಿ. ಕಾಲು ಕೆ.ಜಿ. ಅರಗಿನ ಚಕ್ಕೆಯನ್ನು ಒಂದು ಲೀಟರ್ ಪಾಲಿಶ್ ಸ್ಪಿರಿಟ್ಟಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಲಕಿ ತೆಳು ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಕಟ್ಟಿ, ಅದ್ದಿ ಹಿಂಡಿ, ಕೈ ನಿಲ್ಲಿಸದೆ ಎಳೆಯಿರಿ. ಕೈ ನಿಂತರೆ ಅಲ್ಲಿ ಅಂಟಿ ಕಲೆಯಾಗುತ್ತದೆ. ತೆಳ್ಳನೆಯ ಪದರ ಏಳೆಂಟಾದರೂ ಆಗಲಿ, ನಡುವೆ ಒಣಗಲು ಬಿಡಿ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಪಾಲಿಶ್ ಬೆಳ್ಳಗೆ ಮಂಜುಕಟ್ಟುತ್ತದೆ. ನಮ್ಮ ಎರಡೂ ಜಿಲ್ಲೆಗಳ ಒಣ ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ಬಿಸಿ ಟೀ ಲೋಟವನ್ನು ಮಾತ್ರ ಅದರ ಮೇಲೆ ಇಡಬೇಡಿ, ಬಿಳಿ ಬಳೆ ಬೀಳುತ್ತದೆ.

ಅಳುವ ಡ್ರಾಯರಿನ ಅಡಿಗೆ ಮೇಣದಬತ್ತಿ ಉಜ್ಜಿ.

ಹೊಸದುರ್ಗದ ಶಿಕ್ಷಕಿ

ಮೋಟಾರ್ ಬಗ್ಗೆ ಯಾರೂ ಮಾತನಾಡಲಿಲ್ಲ. ನನಗೆ ಮಂಡಿನೋವು, ತುಳಿಯಲು ಆಗುವುದಿಲ್ಲ. ಮೋಟಾರ್ ಹಾಕಿಸಿಕೊಂಡ ಮೇಲೆಯೇ ಅತ್ತೆಯ ಯಂತ್ರದಲ್ಲಿ ಮತ್ತೆ ಹೊಲಿಯತೊಡಗಿದೆ. ಅದನ್ನೇ ತಪ್ಪೆನ್ನಬೇಡಿ.

ಮಂಡಿಪೇಟೆ ದರ್ಜಿ

ತಪ್ಪೆಂದು ಹೇಳುವುದಿಲ್ಲ ಮೇಡಂ. ಯಂತ್ರ ಹೊಲಿಯುತ್ತಿರಬೇಕು, ಅದೇ ಮುಖ್ಯ. ಮೋಟಾರ್ ಕೂರಿಸಲು ಕಂಬದ ಹಿಂದೆ ತಯಾರಕರೇ ಮಾಡಿದ ಸ್ಕ್ರೂ ರಂಧ್ರ ಇದ್ದರೆ ಧಾರಾಳವಾಗಿ ಹಾಕಿಸಿ. ಇಲ್ಲದ ಕಡೆ ಬೀಡನ್ನು ಕೊರೆಯಲು ಬಿಡಬೇಡಿ, ಅಷ್ಟೇ ನನ್ನ ಬೇಡಿಕೆ. ನೀಲಿದಾರ ಅಕ್ಕನವರಿಗೆ ಕಾಲು ಗಟ್ಟಿಯಿದೆ, ಅವರು ತುಳಿಯಲಿ.

ಬೆಲ್ಟ್: ದುಂಡು ಚರ್ಮದ್ದು ಕೊಳ್ಳಿ. ಚಕ್ರಗಳಿಗೆ ಸುತ್ತಿ, ಎರಡು ತುದಿ ಸೇರುವ ಅಳತೆಗಿಂತ ಸ್ವಲ್ಪವೇ ಕಡಿಮೆ ಕತ್ತರಿಸಿ, ದಬ್ಬಳದಿಂದ ತೂತು ಮಾಡಿ ತಂತಿಯ ಕೊಂಡಿ ಹಾಕಿ ಮಡಚಿ. ಬಹಳ ಬಿಗಿಯಾದರೆ ಕಾಲು ಸೋಲುತ್ತದೆ, ಸಡಿಲವಾದರೆ ಜಾರುತ್ತದೆ. ಕೆಳಗಿನ ಪೆಡಲ್, ಅದರ ಕಡ್ಡಿ, ದೊಡ್ಡ ಚಕ್ರದ ಅಚ್ಚು, ಇವಕ್ಕೂ ಎಣ್ಣೆ ಬೇಕು. ಎಲ್ಲರೂ ತಲೆಗೆ ಎಣ್ಣೆ ಬಿಟ್ಟು ಕಾಲನ್ನು ಮರೆಯುತ್ತಾರೆ. ಮೇಲಿನ ಚಕ್ರದ ನೆತ್ತಿ ಯಾವಾಗಲೂ ನಿಮ್ಮ ಕಡೆಗೆ ತಿರುಗಬೇಕು. ಹಿಂದಕ್ಕೆ ತಿರುಗಿದರೆ ಕೆಳಗೆ ದಾರ ಗಂಟಾಗುತ್ತದೆ.

ಹೊಸ ಸೂಜಿ ಹಾಕಿ, ಮನೆಬಳಕೆಯ ಒಂದು ಬದಿ ಚಪ್ಪಟೆ ಇರುವುದು, ಹತ್ತಿ ಬಟ್ಟೆಗೆ 14 ಅಥವಾ 16 ನಂಬರ್. ಸೂಜಿಯಲ್ಲಿ ಉದ್ದನೆಯ ತೋಡು ಇರುವ ಬದಿಯಿಂದ ದಾರ ಒಳಗೆ ಹೋಗಬೇಕು. ಹೊಲಿಗೆಯ ಅಡಿಯಲ್ಲಿ ಕುಣಿಕೆ ಕುಣಿಕೆಯಾಗಿ ಬಂದರೆ ತಪ್ಪು ಮೇಲ್ದಾರದ್ದು, ಬಾಬಿನ್ನಿನದಲ್ಲ. ಪಾದವನ್ನು ಎತ್ತಿಟ್ಟು ಮತ್ತೆ ದಾರ ಪೋಣಿಸಿ, ಆಗ ಬಿಲ್ಲೆಗಳ ನಡುವೆ ದಾರ ಸರಿಯಾಗಿ ಕೂರುತ್ತದೆ. ಪಾದ ಇಳಿಸಿದಾಗ ಮಾತ್ರ ಬಿಲ್ಲೆಗಳು ದಾರವನ್ನು ಹಿಡಿಯುತ್ತವೆ. ಬಾಬಿನ್ ಕೇಸಿನ ಸಣ್ಣ ಸ್ಕ್ರೂವನ್ನು ಕೊನೆಯ ಉಪಾಯವಾಗಿ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ. ಕೇಸನ್ನು ದಾರದಿಂದ ತೂಗಿಬಿಟ್ಟು ಕೈ ಸ್ವಲ್ಪ ಜಗ್ಗಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು.

ನೀಲಿದಾರ, ದಾವಣಗೆರೆ

ನಿನ್ನೆ ರಾತ್ರಿ ಹೊಲಿದೆ.

ಬೆಲ್ಟನ್ನು ಮೊದಲ ಸಲ ಉದ್ದ ಕತ್ತರಿಸಿದ್ದೆ, ಮತ್ತೆ ಅರ್ಧ ಅಂಗುಲ ತೆಗೆದೆ. ದಾರವಿಲ್ಲದೆ, ಪಾದ ಎತ್ತಿಟ್ಟು, ಬರೀ ತುಳಿಯುವುದನ್ನು ಅರ್ಧ ಗಂಟೆ ಅಭ್ಯಾಸ ಮಾಡಿದೆ. ಕಾಲು ತಪ್ಪಿ ಚಕ್ರ ಹಿಂದಕ್ಕೆ ಹೋಗುತ್ತಲೇ ಇತ್ತು. ಅವ್ವ ಎಡಗಾಲನ್ನು ಸ್ವಲ್ಪ ಮುಂದಿಟ್ಟು, ಬಲಗಾಲಿನ ಹಿಮ್ಮಡಿ ಊರಿ ತುಳಿಯುತ್ತಿದ್ದದ್ದು ನೆನಪಾಗಿ ಹಾಗೆ ಕೂತೆ, ಚಕ್ರ ಮುಂದಕ್ಕೆ ಓಡಿತು. ಮೊದಲು ಅಡಿಯಲ್ಲಿ ಕುಣಿಕೆಗಳೇ ಬಂದವು. ಅಣ್ಣ ಹೇಳಿದಂತೆ ಪಾದ ಎತ್ತಿ ದಾರ ಪೋಣಿಸಿದ ಮೇಲೆ ಎರಡೂ ಬದಿ ಒಂದೇ ತರಹ. ಮಗಳಿಗೆ ದಿಂಬಿನ ಚೀಲ ಹೊಲಿದೆ. ಸದ್ದು ಕೇಳಿ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತರು, ಏನೂ ಮಾತನಾಡಲಿಲ್ಲ. ಚೀಲ ಮುಗಿಯುವವರೆಗೆ ಅಲ್ಲೇ ಇದ್ದರು.

ಡ್ರಾಯರಿನಲ್ಲಿ ಅವ್ವ ಸುತ್ತಿಟ್ಟ ಖಾಕಿ ದಾರದ ಬಾಬಿನ್ ಒಂದು ಸಿಕ್ಕಿತು. ಅದನ್ನು ಹಾಕಿ ಹೊಲಿಯಬಹುದೇ?

ಮಂಡಿಪೇಟೆ ದರ್ಜಿ

ಹಳೆಯ ಹತ್ತಿ ದಾರಕ್ಕೆ ಶಕ್ತಿ ಇರುವುದಿಲ್ಲ, ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಪಟ್ಟೆಂದು ಹರಿದರೆ ಬಟ್ಟೆಗೆ ಬಳಸಬೇಡಿ. ಆ ಬಾಬಿನ್ ಇಟ್ಟುಕೊಳ್ಳಿ, ಬಿಚ್ಚಬೇಡಿ. ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ನೀಲಿದಾರ, ದಾವಣಗೆರೆ

ಜಗ್ಗಿದೆ, ಹರಿಯಿತು. ಉಳಿದದ್ದನ್ನು ಜುಂಗಿನ ಪೊಟ್ಟಣದ ಜೊತೆಗೆ ಇಟ್ಟಿದ್ದೇನೆ. ಇನ್ನು ಬಾಕಿ ಇರುವುದು ಆ ಕಳೆದುಹೋದ ಹಿಡಿ ಒಂದೇ. ಉಳಿದ ಮೂರು ಮರದವು, ಗುಂಡಗೆ, ನಡುವೆ ಒಂದು ಗೆರೆ.

ಹರಿಹರದ ಲೇತ್

ಅಳತೆಗೆ ಒಂದನ್ನು ಬಿಚ್ಚಿ ತನ್ನಿ, ತೇಗದ ತುಂಡು ನನ್ನಲ್ಲಿದೆ. ಶನಿವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರುತ್ತೇನೆ. ತಿರುಗಿಸಲು ಹತ್ತು ನಿಮಿಷ ಸಾಕು, ಆ ನಡುವಿನ ಗೆರೆ ಕೊಯ್ಯುವಾಗ ಮಾತ್ರ ನೀವು ಪಕ್ಕದಲ್ಲಿ ನಿಂತು ಎಷ್ಟು ಆಳ ಎಂದು ಹೇಳಬೇಕು.